ಒಂದೇ ಬೆರಳಲ್ಲಿ ತೋರಿಸಿ

ನಾನು ಸಣ್ಣ ಊರೊಂದರ ಡಾಕ್ಟರ್. ಹೋದ ಭಾನುವಾರ ನಮ್ಮೂರಿನ ಗ್ರಂಥಾಲಯದ ಹಾಲ್‌ನಲ್ಲಿ, ಕಾರಣ ಪತ್ತೆಯಾಗದ ಹೊಟ್ಟೆನೋವಿನ ಬಗ್ಗೆ ಒಂದು ಗಂಟೆ ಮಾತಾಡಿದೆ. ಬರೆದು ಕೊಡಿ ಅಂತ ಕೆಲವರು ಕೇಳಿದರು. ನಾನು ಚೀಟಿ ಇಟ್ಟುಕೊಂಡು ಮಾತಾಡುವವನಲ್ಲ, ನೆನಪಿದ್ದಷ್ಟನ್ನು ಇಲ್ಲಿ ಇಳಿಸಿದ್ದೇನೆ. ನಡುವೆ ಎರಡು ಸಲ ಮೈಕ್ ಕೈಕೊಟ್ಟಿತು. ಆಗ ಆಡಿದ್ದು ಹಿಂದಿನ ಸಾಲಿನವರಿಗೆ ಕೇಳಿಸಿರಲಿಕ್ಕಿಲ್ಲ. ಅದೂ ಇದರಲ್ಲಿದೆ.

ಎಲ್ಲರಿಗೂ ನಮಸ್ಕಾರ.

ಒಂದು ಪ್ಲಾಸ್ಟಿಕ್ ಕವರ್‌ನಿಂದ ಶುರು ಮಾಡುತ್ತೇನೆ. ಬಟ್ಟೆ ಅಂಗಡಿಯ ದೊಡ್ಡ ಕವರ್, ಹಿಡಿ ಕಿತ್ತುಹೋಗಿ ಗಂಟು ಹಾಕಿದ್ದು. ನಮ್ಮ ಮಲೆನಾಡಿನ ಒಬ್ಬ ಹೆಂಗಸು ಅದನ್ನು ನನ್ನ ಟೇಬಲ್ ಮೇಲಿಟ್ಟರು. ಒಳಗೆ ಮೂರು ಸ್ಕ್ಯಾನಿಂಗ್ ರಿಪೋರ್ಟ್, ಎರಡು ಎಂಡೋಸ್ಕೋಪಿ, ಒಂದು ಸಿ.ಟಿ., ರಕ್ತಪರೀಕ್ಷೆಯ ಚೀಟಿಗಳ ಒಂದು ಕಟ್ಟು, ಅಪೆಂಡಿಕ್ಸ್ ತೆಗೆದ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ. ಎರಡೂವರೆ ವರ್ಷದ ಹೊಟ್ಟೆನೋವು. ಅಪೆಂಡಿಕ್ಸ್ ಹೋಯಿತು, ನೋವು ಉಳಿಯಿತು.

ಅಡಿಕೆ ಸುಲಿಯುವ ಕೆಲಸ ಆಕೆಯದು. ಮೆಟ್ಟುಗತ್ತಿ ಮುಂದೆ ಬಗ್ಗಿ ಕೂತರೆ ರಾತ್ರಿ ಹತ್ತು ಗಂಟೆಯಾದರೂ ಏಳುವ ಹಾಗಿಲ್ಲ. ಸುಲಿದಷ್ಟಕ್ಕೆ ದುಡ್ಡು. ಎರಡು ಸೀಸನ್ ಕೆಲಸಕ್ಕೆ ಹೋಗಿರಲಿಲ್ಲ. ಅತ್ತೆ 'ಬಟ್ಟಿ ಜಾರಿದೆ', ಹೊಕ್ಕುಳು ಜಾಗ ತಪ್ಪಿದೆ ಅಂತ ಮೂರು ಸಲ ಬಟ್ಟಿ ಎಳೆಸಿದ್ದರು. ದೃಷ್ಟಿ ತೆಗೆಸಿದ್ದೂ ಆಗಿತ್ತು. ಗಂಡ ಬಾಗಿಲ ಹೊರಗೆ ನಿಂತಿದ್ದ. ಒಳಗೆ ಬರುವ ಉತ್ಸಾಹ ಅವನಿಗೆ ಯಾವತ್ತೋ ಮುಗಿದಿತ್ತು ಅಂತ ಕಾಣುತ್ತೆ.

ಆಕೆ ಮೊದಲು ಕೇಳಿದ್ದು ಔಷಧಿಯನ್ನಲ್ಲ. "ಎಲ್ಲ ನಾರ್ಮಲ್ ಅಂತಾರೆ ಡಾಕ್ಟ್ರೇ. ನಾನೇನ್ ಸುಳ್ ಹೇಳ್ತಿದೀನಾ?"

ಎಲ್ಲಿ ನೋವು ಅಂದೆ. ಅಂಗೈಯಿಂದ ಹೊಟ್ಟೆಪೂರ್ತಿ ಸವರಿ ತೋರಿಸಿದರು. ಎಲ್ಲರೂ ಹಾಗೇ ತೋರಿಸೋದು. "ಒಂದೇ ಬೆರಳಲ್ಲಿ ತೋರಿಸಮ್ಮ" ಅಂದೆ. ಸ್ವಲ್ಪ ಯೋಚಿಸಿದರು. ಆಮೇಲೆ ತೋರುಬೆರಳು ಹೊಕ್ಕುಳಿಂದ ಬಲಕ್ಕೆ ನಾಲ್ಕು ಬೆರಳಿನಷ್ಟು ಆಚೆ ಹೋಗಿ ನಿಂತಿತು. ಅಲ್ಲಿಂದ ಅಲ್ಲಾಡಲಿಲ್ಲ. ಐದು ರೂಪಾಯಿ ನಾಣ್ಯ ಇಟ್ಟರೆ ಮುಚ್ಚಿಹೋಗುವಷ್ಟು ಜಾಗ.

ಮಂಚದ ಮೇಲೆ ಮಲಗಿಸಿ ಅದೇ ಜಾಗವನ್ನು ಒತ್ತಿದೆ. ನೋವು ಇತ್ತು. ಬೆರಳನ್ನು ಅಲ್ಲೇ ಒತ್ತಿ ಹಿಡಿದು, "ಎರಡೂ ಕೈ ಎದೆ ಮೇಲೆ ಕಟ್ಕೊಂಡು ತಲೆ, ಭುಜ ಎತ್ತಮ್ಮ" ಅಂದೆ. ಅರ್ಧ ಎತ್ತಿರಲಿಲ್ಲ, "ಅಯ್ಯಮ್ಮಾ" ಅಂತ ನನ್ನ ಕೈ ಹಿಡಿದುಬಿಟ್ಟರು.

ಇಷ್ಟೇ ಪರೀಕ್ಷೆ. ಮಲಗಿದವರು ತಲೆ ಎತ್ತಿದರೆ ಹೊಟ್ಟೆಯ ಮುಂಭಾಗದ ಸ್ನಾಯು ಹಲಗೆಯ ಹಾಗೆ ಗಟ್ಟಿಯಾಗುತ್ತೆ. ತೊಂದರೆ ಒಳಗೆ, ಕರುಳಿನಲ್ಲೋ ಪಿತ್ತಕೋಶದಲ್ಲೋ ಇದ್ದರೆ ಆ ಹಲಗೆ ಅಡ್ಡ ಬಂದು ನನ್ನ ಬೆರಳಿನ ಒತ್ತಡ ಒಳಗೆ ತಲುಪಲ್ಲ, ನೋವು ಕಡಿಮೆಯಾಗಬೇಕು. ಅಷ್ಟೇ ಇದ್ದರೆ ಅಥವಾ ಜಾಸ್ತಿಯಾದರೆ ತೊಂದರೆ ಹಲಗೆಯಲ್ಲೇ ಇದೆ ಅಂತ ಅನುಮಾನಿಸಬೇಕು. ಫಿಲಡೆಲ್ಫಿಯಾದ ಸರ್ಜನ್ ಕಾರ್ನೆಟ್ ಇದನ್ನು ಬರೆದದ್ದು 1926ರಲ್ಲಿ. ನೂರು ವರ್ಷ ಆಗುತ್ತಾ ಬಂತು. ಯಂತ್ರ ಬೇಡ, ಕರೆಂಟ್ ಬೇಡ, ದುಡ್ಡೂ ಬೇಡ. ಬಹುಶಃ ಅದಕ್ಕೇ ಇದನ್ನು ಮಾಡುವವರು ಕಡಿಮೆ.

ಪಕ್ಕೆಲುಬುಗಳ ಕೆಳಗಿನಿಂದ ಹೊರಟ ನರಗಳು ಹೊಟ್ಟೆಯನ್ನು ಬಳಸಿ ಮುಂದೆ ಬರುತ್ತವೆ. ಹೊಕ್ಕುಳಿನ ಎರಡೂ ಕಡೆ ಮೇಲಿಂದ ಕೆಳಗೆ ಇಳಿದಿರುವ ಪಟ್ಟಿಯಂಥ ಸ್ನಾಯು ಇದೆಯಲ್ಲ, ಅದರ ಅಂಚಿನ ಹತ್ತಿರ ಸಣ್ಣ ತೂತುಗಳಲ್ಲಿ ನುಸುಳಿ ಚರ್ಮಕ್ಕೆ ಬರುತ್ತವೆ. ಆ ತೂತಿನಲ್ಲಿ ನರ ಸಿಕ್ಕಿಕೊಂಡರೆ ಈ ನೋವು. ಸ್ಕ್ಯಾನಿಂಗ್‌ನಲ್ಲಿ ಕಾಣಲ್ಲ, ರಕ್ತದಲ್ಲಿ ಕಾಣಲ್ಲ, ಎಂಡೋಸ್ಕೋಪಿ ಆ ದಾರಿಯಲ್ಲೇ ಹೋಗಲ್ಲ. ರಿಪೋರ್ಟ್‌ಗಳು ಸುಳ್ಳು ಹೇಳಿರಲಿಲ್ಲ. ಆಕೆಯೂ ಹೇಳಿರಲಿಲ್ಲ. ನಾವು ಹುಡುಕಿದ ಜಾಗ ಬೇರೆ ಆಗಿತ್ತು, ಅಷ್ಟೆ.

ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುತ್ತಾರಲ್ಲ, ಲಿಗ್ನೊಕೇನ್, ಅದನ್ನೇ ಆ ಜಾಗಕ್ಕೆ ಚುಚ್ಚಿದೆ. ಐದು ನಿಮಿಷ ಬಿಟ್ಟು ಏಳಿ ಅಂದೆ. ಅಭ್ಯಾಸದಂತೆ ಮಗ್ಗುಲಾಗಿ, ಮೊಣಕೈ ಊರಿ ಎದ್ದರು. ಎದ್ದು ಕೂತು ನನ್ನ ಮುಖ ನೋಡಿದರು. "ಇನ್ನೊಂದ್ ಸಲ ಮಲ್ಗಿ ಏಳ್ಲಾ?" ಅಂದರು. ಮಲಗಿ, ಈ ಸಲ ನೆಟ್ಟಗೆ ಎದ್ದರು. ಮತ್ತೆ ಮಲಗಿದರು, ಮತ್ತೆ ಎದ್ದರು. ಮೂರನೇ ಸಲಕ್ಕೆ ಗಂಡ ಒಳಗೆ ಬಂದ.

ಈಗ ಇನ್ನೊಂದು ವಿಷಯ. ಆ ಕವರ್‌ನಲ್ಲಿ ಎರಡು ಚೀಟಿ ನನ್ನದೇ ಅಕ್ಷರದಲ್ಲಿತ್ತು. ಹದಿನಾಲ್ಕು ತಿಂಗಳ ಹಿಂದಿನದು. ಹೊಟ್ಟೆಯ ಆಸಿಡ್ ಕಡಿಮೆ ಮಾಡುವ ಮಾತ್ರೆ ಪ್ಯಾಂಟೊಪ್ರಜೋಲ್, ಹದಿನೈದು ದಿನ. ಮಳೆಗಾಲ, ಜ್ವರದ ಸೀಸನ್, ಹೊರಗೆ ಬೆಂಚ್ ತುಂಬಿತ್ತು. ಆ ಎರಡು ದಿನವೂ ನಾನು ಆಕೆಯ ಹೊಟ್ಟೆ ಮುಟ್ಟಿರಲಿಲ್ಲ. ಆಕೆ ಬಂದವರೇ "ಗ್ಯಾಸ್ಟ್ರಿಕ್ ಡಾಕ್ಟ್ರೇ" ಅಂದಿದ್ದರು. ನಾನು ಗ್ಯಾಸ್ಟ್ರಿಕ್ಕಿಗೆ ಬರೆದೆ.

ನನ್ನ ಜಗಳ ಇರುವುದು ಈ ಒಂದು ಪದದ ಜೊತೆ. ಗ್ಯಾಸ್ಟ್ರಿಕ್. ಇಂಗ್ಲಿಷ್‌ನಲ್ಲಿ ಅದಕ್ಕೆ 'ಜಠರದ' ಅಂತ ಅರ್ಥ, ಅಷ್ಟೆ. ನಮ್ಮಲ್ಲಿ ಅದು ಕಾಯಿಲೆ ಆಗಿಬಿಟ್ಟಿದೆ. ಎದೆ ಉರಿದರೆ ಗ್ಯಾಸ್ಟ್ರಿಕ್, ತೇಗು ಬಂದರೆ ಗ್ಯಾಸ್ಟ್ರಿಕ್, ತಲೆ ಸುತ್ತಿದರೂ ಗ್ಯಾಸ್ಟ್ರಿಕ್. ಗ್ಯಾಸ್ ಬೆನ್ನಿಗೆ ಹೋಗಿದೆ, ಭುಜಕ್ಕೆ ಹೋಗಿದೆ ಅಂತಾರೆ. ಗ್ಯಾಸ್ ಎಲ್ಲಿಗೂ ಹೋಗಲ್ಲ. ಅದಕ್ಕಿರುವ ದಾರಿ ಎರಡೇ, ಎರಡೂ ನಿಮಗೆ ಗೊತ್ತು.

(ಇಲ್ಲಿ ಜನ ನಕ್ಕರು. ನಾನು ಮುಂದೆ ಹೇಳಿದ್ದು ನಗುವಂಥದ್ದಲ್ಲ.) ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಿ ಬೆಳಿಗ್ಗೆ ಏಳದವರನ್ನು ಈ ಊರಲ್ಲೇ ಕಂಡಿದ್ದೇನೆ. ಹೃದಯದ ಕೆಳಭಾಗಕ್ಕೆ ರಕ್ತ ಹೋಗುವುದು ನಿಂತರೆ ನೋವು ಎದೆಗುಂಡಿಯ ಕೆಳಗೆ, ಮೇಲುಹೊಟ್ಟೆಯಲ್ಲಿ ಬರಬಹುದು. ಜೊತೆಗೆ ಬೆವರು, ವಾಂತಿ. ಏರು ಹತ್ತುವಾಗ ಬಂದು ನಿಂತರೆ ಹೋಗುವ 'ಗ್ಯಾಸ್'ಗೆ ಮೊದಲು ಇ.ಸಿ.ಜಿ. ಮಾಡಿಸಿ. ಸಕ್ಕರೆ ಕಾಯಿಲೆಯವರಂತೂ ಕಾಯಲೇಬೇಡಿ.

ಹೊಟ್ಟೆನೋವಿಗೆ ಕನ್ನಡದಲ್ಲಿ ಎಷ್ಟು ಪದ ಇದೆ ನೋಡಿ. ಹಿಂಡುತ್ತೆ, ತಿರುಚುತ್ತೆ, ಚುಚ್ಚುತ್ತೆ, ಉರಿಯುತ್ತೆ, ತೊಳಸುತ್ತೆ, ಉಬ್ಬರಿಸುತ್ತೆ, ಹಿಡ್ಕೊಳ್ಳುತ್ತೆ, ಕಿವುಚಿದ ಹಾಗಾಗುತ್ತೆ. ಮೇಲುಹೊಟ್ಟೆ ಬೇರೆ, ಕಿಬ್ಬೊಟ್ಟೆ ಬೇರೆ, ಪಕ್ಕೆ ಬೇರೆ. ನಮ್ಮ ಅಜ್ಜಿಯಂದಿರು ಇವನ್ನೆಲ್ಲ ಬೇರೆಬೇರೆ ಬಳಸುತ್ತಿದ್ದರು. ಒಂದೊಂದು ಪದವೂ ಡಾಕ್ಟರಿಗೆ ಒಂದೊಂದು ಸುಳಿವು. ಹಿಂಡಿ, ಬಿಟ್ಟು, ಮತ್ತೆ ಹಿಂಡಿದರೆ ಅದು ಕರುಳಿನಂಥ ಕೊಳವೆಯ ನೋವು. ಊಟವಾಗಿ ಸ್ವಲ್ಪ ಹೊತ್ತಿಗೆ ಬಲಪಕ್ಕೆಯ ಕೆಳಗೆ ಹಿಡಿದು, ಗಂಟೆಗಟ್ಟಲೆ ಬಿಡದೆ, ಬಲ ರೆಕ್ಕೆಮೂಳೆಗೆ ಹೋದರೆ ಪಿತ್ತಕೋಶದ ಕಲ್ಲು ನೆನಪಾಗಬೇಕು. ಮೇಲುಹೊಟ್ಟೆಯಿಂದ ನೆಟ್ಟಗೆ ಬೆನ್ನಿಗೆ ಇರಿದು, ಮುಂದಕ್ಕೆ ಬಗ್ಗಿ ಕೂತರೆ ಕೊಂಚ ಹಾಯೆನಿಸಿದರೆ ಮೇದೋಜೀರಕದ ಕಡೆ ನೋಡಬೇಕು. ಒಂದೇ ಪಕ್ಕದಲ್ಲಿ ಪಟ್ಟಿ ಕಟ್ಟಿದ ಹಾಗೆ ಉರಿದು, ಬಟ್ಟೆ ಸೋಕಿದರೂ ಆಗದೆ ಇದ್ದರೆ ಎರಡು ಮೂರು ದಿನ ಚರ್ಮ ನೋಡುತ್ತಿರಿ, ಸರ್ಪಸುತ್ತಿನ ಗುಳ್ಳೆ ಏಳಬಹುದು. ಈ ಪದಗಳನ್ನೆಲ್ಲ ಕ್ಲಿನಿಕ್ಕಿನ ಬಾಗಿಲಲ್ಲಿ ಚಪ್ಪಲಿ ಜೊತೆ ಬಿಟ್ಟು, ಒಳಗೆ ಬಂದು 'ಗ್ಯಾಸ್ಟ್ರಿಕ್' ಅನ್ನುತ್ತೀರಿ. ನಾವೂ ಅದನ್ನೇ ಕಾಯುತ್ತಿರುತ್ತೇವೆ, ಬೇಗ ಮುಗಿಯುತ್ತಲ್ಲ.

ಬೆರಳಿನ ವಿಷಯಕ್ಕೆ ವಾಪಸ್ ಬರುತ್ತೇನೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ಆಪ್ಲಿ ಅಂತ ಮಕ್ಕಳ ಡಾಕ್ಟರ್ ಇದ್ದರು. ಅವರೂ ಜೊತೆಯವರೂ ಸಾವಿರ ಶಾಲಾ ಮಕ್ಕಳನ್ನು ನೋಡಿ 1958ರಲ್ಲಿ ಬರೆದರು: ಹತ್ತರಲ್ಲಿ ಒಂದು ಮಗುವಿಗೆ ಮತ್ತೆ ಮತ್ತೆ ಹೊಟ್ಟೆನೋವು. ಬಹಳಷ್ಟು ಮಕ್ಕಳಲ್ಲಿ ಹುಡುಕಿದರೂ ರೋಗ ಅಂತ ಸಿಗಲಿಲ್ಲ. ಅವರ ಹೆಸರಲ್ಲಿ ಒಂದು ಮಾತು ಉಳಿದಿದೆ. ನೋವು ಹೊಕ್ಕುಳಿನಿಂದ ಎಷ್ಟು ದೂರವೋ, ಅಷ್ಟು ಹುಷಾರಾಗಿ ಹುಡುಕಬೇಕು. ಕರುಳಿಗೆ ತನ್ನ ನೋವು ಇಂಥ ಕಡೆ ಅಂತ ಮೆದುಳಿಗೆ ಸರಿಯಾಗಿ ಹೇಳಲು ಬರಲ್ಲ, ಮಗು ಹೊಕ್ಕುಳ ಸುತ್ತ ಕೈಯಾಡಿಸುತ್ತೆ. ಅಪೆಂಡಿಕ್ಸ್ ಕೂಡ ಶುರುವಿನಲ್ಲಿ ಹೊಕ್ಕುಳ ಹತ್ತಿರವೇ ನೋಯುತ್ತೆ, ಉರಿಯೂತ ಹೊರಪದರಕ್ಕೆ ತಾಗಿದ ಮೇಲೆ ಬಲ ಕಿಬ್ಬೊಟ್ಟೆಗೆ ಇಳಿಯುತ್ತೆ. ಸೋಮವಾರ ಬೆಳಿಗ್ಗೆ ಮಾತ್ರ ಬರುವ ಹೊಟ್ಟೆನೋವು ಅಮ್ಮಂದಿರಿಗೆ ಗೊತ್ತೇ ಇದೆ. ಅದು ನಾಟಕ ಅಂತ ಮಾತ್ರ ಅನ್ನಬೇಡಿ. ಮಗುವಿಗೆ ನಿಜವಾಗಲೂ ನೋಯುತ್ತೆ.

ದೊಡ್ಡವರಿಗೂ ಹಾಗೇ. ಕೆಟ್ಟ ಸುದ್ದಿ ಕೇಳಿದರೆ ಕರುಳು ಚುರುಕ್ ಅನ್ನುತ್ತೆ ಅಂತೀವಿ. ಯಾರೋ ಅಂದದ್ದನ್ನು 'ಹೊಟ್ಟೆಗೆ ಹಾಕ್ಕೊಂಡೆ' ಅಂತೀವಿ. ಹಾಕ್ಕೊಂಡಿದ್ದು ಅಲ್ಲೇ ಇರುತ್ತೆ, ಅಲ್ವಾ? ಕರುಳಿಗೆ ತನ್ನದೇ ನರಗಳ ಬಲೆಯಿದೆ, ಮೆದುಳಿನ ಜೊತೆ ಹಗಲು ರಾತ್ರಿ ಮಾತುಕತೆ ಇದೆ. ಆ ಮಾತುಕತೆ ಕೆಟ್ಟಾಗ ಬರುವ ಒಂದು ತೊಂದರೆ ಐ.ಬಿ.ಎಸ್., ಇರಿಟಬಲ್ ಬವೆಲ್ ಸಿಂಡ್ರೋಮ್. ಅದಕ್ಕೆ 2016ರಲ್ಲಿ ತಜ್ಞರು ಒಪ್ಪಿಕೊಂಡ ಅಳತೆಯೂ ಇದೆ. ಶುರುವಾಗಿ ಆರು ತಿಂಗಳಾದರೂ ಆಗಿರಬೇಕು. ಹಿಂದಿನ ಮೂರು ತಿಂಗಳಲ್ಲಿ ವಾರಕ್ಕೆ ಸರಾಸರಿ ಒಂದು ದಿನವಾದರೂ ನೋವಿರಬೇಕು. ನೋವಿಗೂ ಕಕ್ಕಸಿಗೂ ನಂಟಿರಬೇಕು: ಹೋಗಿ ಬಂದರೆ ಏರುವುದೋ ಇಳಿಯುವುದೋ, ಎಷ್ಟು ಸಲ ಅನ್ನುವುದು ಬದಲಾಗುವುದು, ಗಟ್ಟಿ ತೆಳು ಬದಲಾಗುವುದು, ಇವುಗಳಲ್ಲಿ ಎರಡಾದರೂ. ನನಗೆ ಸಿಟ್ಟು ಬರುವುದು 'ನಿಮಗೇನೂ ಇಲ್ಲ, ಟೆನ್ಷನ್ ಅಷ್ಟೆ' ಅಂತ ಕಳಿಸಿದಾಗ. ಐ.ಬಿ.ಎಸ್. ಅಂದರೆ 'ಏನೂ ಇಲ್ಲ' ಅಲ್ಲ. ಅದಕ್ಕೆ ಹೆಸರಿದೆ, ಊಟದಲ್ಲಿ ಮಾಡಬೇಕಾದ ಬದಲಾವಣೆ ಇದೆ, ಮಾತ್ರೆ ಇದೆ. ಎಷ್ಟೋ ಜನಕ್ಕೆ ಹೆಸರು ಗೊತ್ತಾದ ದಿನವೇ ಅರ್ಧ ನೋವು ಇಳಿದಿದ್ದನ್ನು ನೋಡಿದ್ದೇನೆ. ಕ್ಯಾನ್ಸರ್ ಇರಬಹುದು ಅಂತ ರಾತ್ರಿಯಿಡೀ ಎದ್ದಿರುತ್ತಾರೆ ಪಾಪ.

ಹಾಗಂತ ಎಲ್ಲವನ್ನೂ ಐ.ಬಿ.ಎಸ್. ಚೀಲಕ್ಕೆ ತುಂಬುವ ಹಾಗಿಲ್ಲ. ಒಬ್ಬ ಹುಡುಗ ಬಂದಿದ್ದ, ಹಾಸ್ಟೆಲ್‌ನಲ್ಲಿ ಇದ್ದು ಡಿಪ್ಲೊಮಾ ಓದುವವನು. ಆರು ತಿಂಗಳಿಂದ ಹೊಟ್ಟೆನೋವು. ಮನೆಯವರು ಮೆಸ್ ಊಟ ಅಂದರು, ಹುಡುಗನೂ ಅದೇ ನಂಬಿದ್ದ. ಪರೀಕ್ಷೆ ಮಾಡಲು ಬೆಲ್ಟ್ ಬಿಚ್ಚು ಅಂದಾಗ ನೋಡಿದೆ. ಬೆಲ್ಟಿಗೆ ಕಂಪನಿಯವರು ಹಾಕಿದ ತೂತುಗಳ ಆಚೆ ಇನ್ನೂ ಮೂರು ತೂತು. ಚಪ್ಪಲಿ ಹೊಲಿಯುವವರ ಹತ್ತಿರ ಒಂದೊಂದಾಗಿ ಹೊಡೆಸಿಕೊಂಡಿದ್ದನಂತೆ. ಮೊದಲನೇದು ಯಾವಾಗ ಅಂದೆ. ದಸರಾ ಹೊತ್ತಿಗೆ. ಎರಡನೇದು? ಸಂಕ್ರಾಂತಿ. ಮೂರನೇದು ಹೋದ ವಾರ. ಯಾವ ತೂಕದ ಯಂತ್ರವೂ ಇಷ್ಟು ಚೆನ್ನಾಗಿ ಹೇಳಲ್ಲ. ಸಂಜೆ ಮೈ ಬಿಸಿಯಾಗುತ್ತಿತ್ತು, ಅದನ್ನು ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಬಲ ಕಿಬ್ಬೊಟ್ಟೆಯಲ್ಲಿ ಕೈಗೆ ಗಂಟು ಸಿಕ್ಕಿತು. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗ ಅದು, ಹೊಟ್ಟೆಯ ಟಿ.ಬಿ.ಗೆ ಬಹಳ ಇಷ್ಟವಾದ ಜಾಗ.

ಟಿ.ಬಿ. ಅಂದರೆ ಕೆಮ್ಮು ಅಂತಲೇ ನಮ್ಮ ತಲೆಯಲ್ಲಿದೆ. ಕರುಳಿನ ಟಿ.ಬಿ.ಗೆ ಕೆಮ್ಮು ಇರಲೇಬೇಕು ಅಂತಿಲ್ಲ, ಎದೆ ಎಕ್ಸ್‌ರೇ ಚೆನ್ನಾಗೇ ಇರಬಹುದು. ಕ್ರೋನ್ಸ್ ಅಂತ ಕರುಳಿನ ಉರಿಯೂತದ ಇನ್ನೊಂದು ಕಾಯಿಲೆ ಇದೆ, ಕೊಲೊನೋಸ್ಕೋಪಿಯಲ್ಲಿ (ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳು ನೋಡುವುದು) ನೋಡಲು ಇದರ ಅಣ್ಣತಮ್ಮನ ಹಾಗೇ ಇರುತ್ತೆ. ಅದಕ್ಕೆ ಕೊಡುವ ಸ್ಟೀರಾಯ್ಡ್ ಇದಕ್ಕೆ ಕೊಟ್ಟರೆ ಟಿ.ಬಿ. ಹಬ್ಬುತ್ತೆ. ಅದಕ್ಕೇ ಅಲ್ಲಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ರಿಪೋರ್ಟ್ ಬರುವ ತನಕ ಕಾಯಬೇಕು. ಹುಡುಗನಿಗೆ ಆರು ತಿಂಗಳ ಮಾತ್ರೆ, ಸರ್ಕಾರದಿಂದ ಪುಕ್ಕಟೆ. ಪೌಷ್ಟಿಕ ಆಹಾರಕ್ಕೆ ಅಂತ ಖಾತೆಗೆ ದುಡ್ಡೂ ಬರುತ್ತೆ, ಮೊದಲು ತಿಂಗಳಿಗೆ 500 ಇತ್ತು, 2024ರ ನವೆಂಬರ್‌ನಿಂದ 1000 ಮಾಡಿದ್ದಾರೆ. ಬೆಲ್ಟ್ ಈಗ ಹಳೇ ತೂತಿಗೆ ಬಂದಿದೆ.

ಹೆಂಗಸರ ನೋವಿನ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡಿದೆ. ಇಲ್ಲೂ ಹಾಗೇ ಬರೆಯುತ್ತೇನೆ. ಮುಟ್ಟಿನ ಹೊಟ್ಟೆನೋವನ್ನು ನಮ್ಮ ಮನೆಗಳಲ್ಲಿ ನೋವು ಅಂತಲೇ ಲೆಕ್ಕ ಹಾಕಲ್ಲ. 'ಎಲ್ರಿಗೂ ಬರುತ್ತೆ, ಮದುವೆ ಆದ್ರೆ ಸರಿ ಹೋಗುತ್ತೆ, ಒಂದ್ ಮಗು ಆದ್ರೆ ಸರಿ ಹೋಗುತ್ತೆ.' ತಿಂಗಳು ತಿಂಗಳು ಕಾಲೇಜು ತಪ್ಪಿಸುವ, ವಾಂತಿ ತರಿಸುವ, ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುವ ನೋವು ಎಲ್ಲರಿಗೂ ಬರಲ್ಲ. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಅಂಡಾಶಯದ ಮೇಲೋ ಕರುಳಿನ ಮೇಲೋ ಬೆಳೆಯುತ್ತೆ. ಅದು ಎಂಡೊಮೆಟ್ರಿಯೋಸಿಸ್. ಹೆರುವ ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಆದರೂ ಪತ್ತೆಯಾಗಲು ವರ್ಷಗಟ್ಟಲೆ ಹಿಡಿಯುತ್ತೆ. ಮಾಮೂಲಿ ಸ್ಕ್ಯಾನಿಂಗ್‌ನಲ್ಲಿ ಕಾಣದೇ ಇರಬಹುದು, ಅದು ಒಂದು ಕಾರಣ. ತಾರೀಕು ಯಾರೂ ಕೇಳಲ್ಲ, ಇದು ಇನ್ನೊಂದು. ನೋವು ಬಂದ ದಿನವನ್ನೂ ಮುಟ್ಟಾದ ದಿನವನ್ನೂ ಒಂದೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಮೂರು ತಿಂಗಳು ಸಾಕು. ಆ ಹಾಳೆಯನ್ನು ಹರಿದು ಡಾಕ್ಟರ್ ಮುಂದಿಡಿ.

ಪತ್ತೆಯಾಗದ ಹೊಟ್ಟೆನೋವಿಗೆ ನಾವು ಕಂಡುಕೊಂಡ ಇನ್ನೊಂದು ದಾರಿ, ಏನೋ ಒಂದನ್ನು ತೆಗೆದುಬಿಡೋದು. ಕಲಬುರಗಿ ಕಡೆ ಹೊಟ್ಟೆನೋವು, ಬಿಳಿಸೆರಗು ಅಂತ ಹೋದ ಹೆಂಗಸರ, ಅದರಲ್ಲೂ ಲಂಬಾಣಿ ತಾಂಡಾಗಳ ಹೆಂಗಸರ ಗರ್ಭಕೋಶ ತೆಗೆದದ್ದು ದೊಡ್ಡ ಸುದ್ದಿಯಾಗಿತ್ತು, ತನಿಖೆಯೂ ನಡೆಯಿತು. ಬೇಡದ ಈ ಆಪರೇಷನ್‌ಗಳನ್ನು ತಡೆಯುವ ನಿಯಮ ಜಾರಿಗೆ ತನ್ನಿ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ಪಿತ್ತಕೋಶದ ಕಲ್ಲಿನ ಕಥೆಯೂ ಕೊಂಚ ಹೀಗೇ. ಎಷ್ಟೋ ಜನಕ್ಕೆ ಕಲ್ಲು ಇರುತ್ತೆ, ತೊಂದರೆ ಕೊಡದೆ ಸುಮ್ನೆ ಇರುತ್ತೆ. ನೋವಿಗೆ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಸಿಕ್ಕಿತು ಅಂದ ಮಾತ್ರಕ್ಕೆ ನೋವು ಅದರದ್ದೇ ಆಗಬೇಕಿಲ್ಲ. ಕೇಳಿ: ನನ್ನ ನೋವಿನ ರೀತಿಗೂ ಈ ಕಲ್ಲಿಗೂ ಹೊಂದುತ್ತಾ? ಈ ಪ್ರಶ್ನೆ ಕೇಳಿದರೆ ಬೇಜಾರು ಮಾಡಿಕೊಳ್ಳುವ ಡಾಕ್ಟರ ಹತ್ತಿರ ಆಪರೇಷನ್ ಮಾಡಿಸಿಕೊಳ್ಳಬೇಡಿ.

ಜಾತ್ರೆಯಲ್ಲಿ ಕೊಂಡ, ಚೀಟಿಯಿಲ್ಲದ ಡಬ್ಬಿಯ ಭಸ್ಮದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅಂಥದ್ದರಲ್ಲಿ ಸೀಸ ಇರಬಹುದು. ಹೊಟ್ಟೆ ತಿರುಚುವ ನೋವು, ಮಲಬದ್ಧತೆ, ಜೊತೆಗೆ ರಕ್ತ ಕಡಿಮೆ, ಈ ಮೂರೂ ಕೂಡಿದರೆ ಸೀಸದ ವಿಷ ಅಂತ ಒಂದು ಸಲ ಯೋಚಿಸಬೇಕು. ಹಳೇ ಕಥೆ ಇದು. ಇಂಗ್ಲೆಂಡಿನ ಡೆವನ್‌ನಲ್ಲಿ ಸೇಬಿನ ಮದ್ಯ ಕುಡಿದ ಎಷ್ಟೋ ಜನಕ್ಕೆ ಹೊಟ್ಟೆಶೂಲೆ ಬರುತ್ತಿತ್ತು. ಮದ್ಯ ತಯಾರಿಸುವ ಸಲಕರಣೆಗಳಲ್ಲಿದ್ದ ಸೀಸವೇ ಕಾರಣ ಅಂತ ಜಾರ್ಜ್ ಬೇಕರ್ ಅನ್ನುವ ವೈದ್ಯ 1767ರಲ್ಲಿ ತೋರಿಸಿಕೊಟ್ಟ. ನೀವು ತೆಗೆದುಕೊಳ್ಳುವ ಚೂರ್ಣ, ಭಸ್ಮ, ಮಂಡಿನೋವಿನ ಮಾತ್ರೆ ಎಲ್ಲವನ್ನೂ ಡಾಕ್ಟರಿಗೆ ತೋರಿಸಿ. ಬೈದರೆ ಬೈಸಿಕೊಳ್ಳಿ. ಮಂಡಿನೋವಿನ ಮಾತ್ರೆಯೇ ಎಷ್ಟೋ ಜನರ ಹೊಟ್ಟೆಯಲ್ಲಿ ಹುಣ್ಣು ಮಾಡಿರುತ್ತೆ.

ನೋವಿನ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಅಂದೆನಲ್ಲ, ಹಾಗೆ ಬರೆದಿಡುವುದರಲ್ಲಿ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್‌ನನ್ನು ಮೀರಿಸುವವರಿಲ್ಲ. ಹೊಟ್ಟೆಯ ತೊಂದರೆ ಆತನನ್ನು ಜೀವನಪೂರ್ತಿ ಕಾಡಿತು. 1849ರಿಂದ 1855ರವರೆಗೆ ಹಗಲು ಹೇಗಿತ್ತು, ರಾತ್ರಿ ಹೇಗಿತ್ತು ಅಂತ ದಿನಾ ಬರೆದಿಟ್ಟಿದ್ದಾನೆ. ತಣ್ಣೀರ ಚಿಕಿತ್ಸೆಗೂ ಹೋದ. ಆತನಿಗೆ ಏನಾಗಿತ್ತು ಅಂತ ಇವತ್ತಿಗೂ ಡಾಕ್ಟರುಗಳು ಜಗಳವಾಡುತ್ತಾರೆ. ಹಾಲು ಆಗದಿರುವುದು ಅಂತ ಒಬ್ಬರು, ದಕ್ಷಿಣ ಅಮೆರಿಕದಲ್ಲಿ ಹುಳ ಕಚ್ಚಿ ಬಂದ ಕಾಯಿಲೆ ಅಂತ ಇನ್ನೊಬ್ಬರು. ಕೆಲವು ನೋವಿಗೆ ಹೆಸರು ಸಿಗಲ್ಲ. ಇದನ್ನು ಹೇಳದೆ ಹೋದರೆ ನಿಮಗೆ ಮೋಸ ಮಾಡಿದ ಹಾಗೆ.

ನಮ್ಮ ಕಡೆಯ ಕಥೆ ಬೇಕಾ? ಮಾನ್ವಿಯ ಜಗನ್ನಾಥದಾಸರದು ನಿಮಗೆ ಗೊತ್ತು. ದಾಸರಾಗುವ ಮೊದಲು ಅವರು ದೊಡ್ಡ ಪಂಡಿತರು. ವಿಜಯದಾಸರು ಊಟಕ್ಕೆ ಕರೆದಾಗ ಹೋಗಲು ಮನಸ್ಸಿಲ್ಲದೆ ಹೊಟ್ಟೆನೋವು ಅಂತ ನೆಪ ಹೇಳಿದರಂತೆ. ಆಮೇಲೆ ನಿಜವಾಗಲೂ ಹೊಟ್ಟೆಶೂಲೆ ಹಿಡಿಯಿತು, ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ವಿಜಯದಾಸರ ಕಾಲಿಗೇ ಬಿದ್ದರು. ವಿಜಯದಾಸರು ತಾವೇ ಕೈಹಾಕಲಿಲ್ಲ, ಶಿಷ್ಯ ಗೋಪಾಲದಾಸರ ಹತ್ತಿರ ಕಳಿಸಿದರು. ಅವರು ಜೋಳದ ರೊಟ್ಟಿ ತಿನ್ನಿಸಿ ಗುಣ ಮಾಡಿದರು ಅಂತ ಕಥೆ. ನನಗೆ ಇದರಲ್ಲಿ ಹಿಡಿಸುವುದು ಆ ಕಳಿಸಿದ್ದು. ಇದು ನನ್ನ ಕೆಲಸವಲ್ಲ, ಇಂಥವರ ಹತ್ತಿರ ಹೋಗು ಅನ್ನುವುದು. ನನ್ನಂಥ ಸಣ್ಣ ಊರಿನ ಡಾಕ್ಟರು ಕಲಿಯಲು ವರ್ಷಗಳು ಬೇಕಾಯಿತು.

ಯಾವುದಕ್ಕೆ ಕಾಯಬಾರದು ಅಂತ ಒಬ್ಬರು ಕೇಳಿದರು. ತಾನಾಗಿ ತೂಕ ಇಳಿದರೆ, ಮಲದಲ್ಲಿ ರಕ್ತ ಬಂದರೆ ಅಥವಾ ಮಲ ಡಾಂಬರಿನ ಹಾಗೆ ಕಪ್ಪಾಗಿದ್ದರೆ (ಕಬ್ಬಿಣದ ಮಾತ್ರೆ ತಗೊಳ್ಳುವವರಿಗೂ ಕಪ್ಪಾಗುತ್ತೆ, ಹೆದರಬೇಡಿ, ಆದರೆ ಹೇಳಿ), ಜ್ವರ ಬಿಡದಿದ್ದರೆ, ಕಣ್ಣು ಹಳದಿಯಾದರೆ, ನುಂಗಲು ಕಷ್ಟವಾದರೆ, ನಿದ್ದೆಯಿಂದ ಎಬ್ಬಿಸುವ ನೋವಾದರೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದರೆ ಬೇಗ ತೋರಿಸಿ. ಹೊಟ್ಟೆ ಕಲ್ಲಿನಂತೆ ಬಿಗಿದು, ಗಾಳಿಯೂ ಹೋಗದೆ ವಾಂತಿಯಾದರೆ ನನ್ನ ಹತ್ತಿರ ಬರಬೇಡಿ, ನೇರ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ.

ಕೊನೆಗೆ ಒಬ್ಬ ಅಜ್ಜಿ ಎದ್ದು, "ಆ ಅಡಿಕೆ ಸುಲಿಯೋ ಹುಡ್ಗಿಗೆ ಪೂರ್ತಿ ವಾಸಿ ಆಯ್ತಾ ಡಾಕ್ಟ್ರೇ?" ಅಂದರು. ಇಲ್ಲ. ಎರಡು ತಿಂಗಳು ಚೆನ್ನಾಗಿತ್ತು, ಮತ್ತೆ ಬಂತು. ಇನ್ನೂ ಎರಡು ಸಲ ಚುಚ್ಚಿದೆ. ಅದಕ್ಕೂ ಬಗ್ಗದಿದ್ದರೆ ಆ ನರದ ತುಂಡನ್ನು ಕತ್ತರಿಸಿ ತೆಗೆಯುವ ಸಣ್ಣ ಆಪರೇಷನ್ ಇದೆ, ನೆದರ್‌ಲ್ಯಾಂಡ್ಸ್‌ನ ಸರ್ಜನ್‌ಗಳು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಅದನ್ನೂ ಆಕೆಗೆ ಹೇಳಿದ್ದೇನೆ. ಸದ್ಯಕ್ಕೆ ಬೇಡ ಅಂದಿದ್ದಾರೆ. ಈ ವರ್ಷ ಸುಲಿತಕ್ಕೆ ಹೋಗುತ್ತಿದ್ದಾರೆ. ಕೂರುವ ಮಣೆ ಸ್ವಲ್ಪ ಎತ್ತರ ಮಾಡಿಕೊಂಡಿದ್ದಾರಂತೆ. ಸೀಸನ್ ಮುಗಿಸಿ ಬರ್ತೀನಿ ಅಂದಿದ್ದಾರೆ.